ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಆಯ್ತು, ಮುಂದೆ ಸಂಶೋಧನೆಯೋ ಪಾಲಿಸಿ ಕೆಲಸವೋ?

ಎಂ.ಎಸ್ಸಿ. ಮುಗಿದಿದೆ, ಹವಾಮಾನ ಮತ್ತು ಕಾಡಿನ ಕೆಲಸ ಮಾಡುವ ಆಸೆ ಇದೆ, ಪಿಎಚ್.ಡಿ.ಗೆ ಹೋಗಲೋ ಪಾಲಿಸಿ ಕಡೆ ಹೋಗಲೋ ಎಂದು ಕೇಳಿದ್ದೀರಿ. ನಾನಿರುವುದು ಶಿರಸಿ ಕಡೆ. ಮಳೆಗಾಲದಲ್ಲಿ ಕಪ್ಪೆ ಸರ್ವೆ, ಉಳಿದ ದಿನ ಇಐಎ ವರದಿ ಓದೋದು ನನ್ನ ಕೆಲಸ. ನನ್ನ ಪ್ರಕಾರ ಈಗಲೇ ಒಂದನ್ನು ಆರಿಸುವ ಅವಸರ ಬೇಡ. ಮೊದಲು ನಿಮ್ಮ ಜಿಲ್ಲೆಯ ಒಂದು ಇಐಎ ವರದಿ ಹಿಡಿದು ಕೂತುಬಿಡಿ.

ಇಐಎ ಅಂದರೆ ಗಣಿ, ಅಣೆಕಟ್ಟಿನಂಥ ಯೋಜನೆಯಿಂದ ಪರಿಸರದ ಮೇಲಾಗುವ ಪರಿಣಾಮದ ವರದಿ. ಯೋಜನೆ ಮಾಡುವವರೇ ಕನ್ಸಲ್ಟೆಂಟ್‌ಗೆ ದುಡ್ಡು ಕೊಟ್ಟು ಬರೆಸುತ್ತಾರೆ. ಕೇಂದ್ರ ಸರ್ಕಾರದ 2006ರ ಇಐಎ ಅಧಿಸೂಚನೆಯ ಪ್ರಕಾರ ಇದರ ಸಾರಾಂಶ ಕನ್ನಡದಲ್ಲೂ ಇರಬೇಕು, ಊರವರ ಅಭಿಪ್ರಾಯ ಕೇಳುವ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲೇ ಪತ್ರಿಕೆಯಲ್ಲಿ ತಿಳಿಸಬೇಕು.

ವರದಿ ಸಿಕ್ಕ ಕೂಡಲೇ ಸರ್ವೆ ನಡೆದ ತಿಂಗಳು ಯಾವುದು ಅಂತ ನೋಡಿ. ಗಣಿಯಂಥ ಬಹಳಷ್ಟು ಯೋಜನೆಗಳಲ್ಲಿ ಒಂದೇ ಋತುವಿನ ಮಾಹಿತಿ ಸಾಕು, ಅದೂ ಮಳೆಗಾಲ ಬಿಟ್ಟು! ಘಟ್ಟದ ಕಪ್ಪೆಗಳಲ್ಲಿ ಹೆಚ್ಚಿನವು ಕೂಗುವುದು, ಮೊಟ್ಟೆಯಿಡುವುದು ಮಳೆಗಾಲದಲ್ಲೇ ಅಲ್ವಾ? ಮಾರ್ಚ್‌ನಲ್ಲಿ ರಾಂಪತ್ರೆ ಜಡ್ಡಿಗೆ, ಅಂದರೆ ರಾಂಪತ್ರೆ ಮರಗಳಿರುವ ಜೌಗು ಕಾಡಿಗೆ, ಹೋದರೆ ಕೆಸರಿನಿಂದ ಮಂಡಿ ಮಡಚಿಕೊಂಡು ಮೇಲೆದ್ದ ಬೇರುಗಳು ಕಾಣುತ್ತವೆ, ಕಪ್ಪೆ ನಾಲ್ಕಾರು ಜಾತಿ ಕಂಡರೆ ಹೆಚ್ಚು. ಜುಲೈ ರಾತ್ರಿ ಟಾರ್ಚ್ ಹಿಡಿದು ಅಲ್ಲೇ ನಿಂತು ನೋಡಿ. ಯಾವ ಕೂಗು ಯಾವುದರದು ಅಂತ ಬಿಡಿಸಿಕೊಳ್ಳುವಷ್ಟರಲ್ಲಿ ಕಾಲಿಗೆ ಉಂಬಳ (ಜಿಗಣೆ) ಹತ್ತಿ ಕೆಳಗಿಳಿದಿರುತ್ತದೆ.

ಈ ವ್ಯತ್ಯಾಸ ಕಾಡಲ್ಲಿ ಓಡಾಡಿದವರಿಗೆ ಗೊತ್ತು. ಅದನ್ನು ಎಲ್ಲಿ ಹೇಳಬೇಕು ಅನ್ನೋದು ನಿಯಮ ಓದಿದವರಿಗೆ ಗೊತ್ತು. ಇವರಿಬ್ಬರೂ ಒಬ್ಬರೇ ಆಗಿರುವುದು ಅಪರೂಪ, ನಿಮಗೆ ಜಾಗ ಇರುವುದೇ ಅಲ್ಲಿ. ಅಹವಾಲು ಸಭೆಯಲ್ಲಿ ಎದ್ದು "ಕಾಡು ಹಾಳಾಗುತ್ತೆ" ಅಂದರೆ ನಡಾವಳಿಯಲ್ಲಿ ಒಂದು ಸಾಲು ಸೇರುತ್ತದೆ, ಅಷ್ಟೇ. "ಈ ಪುಟದ ಕಪ್ಪೆ ಪಟ್ಟಿ ಬೇಸಿಗೆಯದು, ಅದೇ ಜಾಗದ ಮಳೆಗಾಲದ ಪಟ್ಟಿ ಇಲ್ಲಿದೆ" ಎಂದು ಬರೆದು ಕೊಟ್ಟರೆ ಅಂತಿಮ ವರದಿಯಲ್ಲಿ ಅದಕ್ಕೆ ಉತ್ತರ ಕೊಡಲೇಬೇಕು. ಉತ್ತರ ಹಾರಿಕೆಯದಾಗಿರಬಹುದು, ಆದರೆ ಮುಂದೆ ಹಸಿರು ನ್ಯಾಯಮಂಡಳಿಗೆ ಹೋಗುವವರಿಗೆ ಆ ಕಾಗದವೇ ಆಧಾರ.

ಹವಾಮಾನ ಒಂದು ಕಡೆ, ಕಾಡು ಇನ್ನೊಂದು ಕಡೆ ಎಳೆಯುವ ಸಂದರ್ಭವೂ ಬರುತ್ತದೆ. ಶರಾವತಿ ಪಂಪ್ಡ್ ಸ್ಟೋರೇಜ್ ನೋಡಿ. 2000 ಮೆಗಾವ್ಯಾಟ್ ಯೋಜನೆ. ಬಿಸಿಲು, ಗಾಳಿಯ ಕರೆಂಟು ಹೆಚ್ಚಾದಾಗ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಕಾದಾಗ ಕೆಳಗೆ ಬಿಡುವುದು. ಇಂಗಾಲ ಕಡಿಮೆ ಮಾಡಲು ಇಂಥ ಸಂಗ್ರಹ ಬೇಕು, ಇಲ್ಲ ಅನ್ನಲ್ಲ. ಆದರೆ ಮಧ್ಯೆ ಇರುವುದು ಸಿಂಗಳೀಕದ ಅಭಯಾರಣ್ಯ. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ, ಮೇಲ್ಛಾವಣಿ ಕಡಿದಲ್ಲಿ ಅದರ ದಾರಿಯೂ ಕಡಿಯುತ್ತದೆ. ನನಗಂತೂ ಆ ಜಾಗ ಸರಿ ಕಾಣುವುದಿಲ್ಲ. ನೀವು ಒಪ್ಪಬೇಕಿಲ್ಲ, ಆದರೆ ಬೇರೆ ಯಾವ ಜಾಗ, ಅದೇ ಕರೆಂಟನ್ನು ಬ್ಯಾಟರಿಯಲ್ಲಿ ಇಟ್ಟುಕೊಂಡರೆ ಎಷ್ಟು ಖರ್ಚು ಅಂತ ಲೆಕ್ಕ ಹಿಡಿದು ಮಾತಾಡುವಷ್ಟು ತಯಾರಿ ಇರಲಿ.

ಹೊಟ್ಟೆಪಾಡಿನ ಮಾತು. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಆದರೆ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಇಲ್ಲದಿದ್ದರೆ ಬೆಂಗಳೂರಿನ ಏಟ್ರೀ, ಮೈಸೂರಿನ ಎನ್‌ಸಿಎಫ್ ಥರದ ಪರಿಸರ ಸಂಶೋಧನಾ ಸಂಸ್ಥೆಗಳ ಪ್ರಾಜೆಕ್ಟ್ ಕೆಲಸ ಹುಡುಕಿ. ಸಂಬಳ ಜಾಸ್ತಿ ಇರಲ್ಲ, ಕಲಿಯೋದು ಬಹಳ. ಇನ್ನೊಂದು, ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ವರದಿಯ ಕರಡು ಪರಿಶೀಲಿಸಲು ಯಾರೂ ಕರೆಯಬೇಕಿಲ್ಲ. ನಿಮ್ಮ ಪರಿಣತಿ ಏನೆಂದು ನೀವೇ ಹೇಳಿ ನೋಂದಾಯಿಸಿಕೊಳ್ಳಬಹುದು. ದುಡ್ಡು ಬರಲ್ಲ, ಆದರೆ ಒಂದೊಂದು ವಾಕ್ಯಕ್ಕೂ ಎಷ್ಟು ಆಧಾರ ಬೇಕು ಅಂತ ಗೊತ್ತಾಗುತ್ತೆ.

ಇಐಎ ವರದಿಗಳು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಸಿಗುತ್ತವೆ. ನಿಮ್ಮದು ಯಾವ ಜಿಲ್ಲೆ ಅಂತ ಕೆಳಗೆ ಬರೆಯಿರಿ, ಯಾವುದರಿಂದ ಶುರು ಮಾಡಬಹುದು ನೋಡಿ ಹೇಳುತ್ತೇನೆ.