ಓದುಗರ ಪ್ರಶ್ನೆ: ಲೇಸರ್ ಬೆಳಕನ್ನು ಕಲಸುವ ಬಗೆ

ಪ್ರಶ್ನೆ: ಕೊನೇ ವರ್ಷದ ಪ್ರಾಜೆಕ್ಟ್‌ಗಾಗಿ ಲೇಸರ್ ಪ್ರೊಜೆಕ್ಟರ್ ಕಟ್ಟುತ್ತಿದ್ದೇವೆ. ಲೆನ್ಸ್ ಹಾಕಿ ಬೀಮನ್ನು ಅಗಲ ಮಾಡಿದೆವು. ನಡುವೆ ಕಣ್ಣು ಕುಕ್ಕುವಷ್ಟು ಬೆಳಕು, ಮೂಲೆಗಳಲ್ಲಿ ಕತ್ತಲೆ. ಆಮೇಲೆ 5 ಮಿ.ಮೀ. ಚೌಕದ, 50 ಮಿ.ಮೀ. ಉದ್ದದ ಗಾಜಿನ ರಾಡ್ ಇಟ್ಟು ನೋಡಿದೆವು. ಏನೇನೂ ವ್ಯತ್ಯಾಸವಾಗಲಿಲ್ಲ. ತಪ್ಪಿದ್ದೆಲ್ಲಿ?
– ಬಿ.ಇ. ವಿದ್ಯಾರ್ಥಿನಿ, ಯಲಹಂಕ

ಉತ್ತರ: ರಾಡಿನದೇನೂ ತಪ್ಪಿಲ್ಲ, ಅದಕ್ಕೆ ನೀವು ಕೆಲಸವನ್ನೇ ಕೊಟ್ಟಿಲ್ಲ. ಕಾಲಿಮೇಟ್ ಆದ, ಅಂದರೆ ಕಿರಣಗಳು ಸಮಾನಾಂತರವಾಗಿರುವ ಲೇಸರ್ ಬೀಮ್ ನೆಟ್ಟಗೆ ಹೋಗುತ್ತದೆ. ರಾಡಿನ ಗೋಡೆಗೆ ಒಮ್ಮೆಯೂ ತಾಗದೆ ಆಚೆ ತುದಿಯಿಂದ ಹೊರಬೀಳುತ್ತದೆ.

ಬೀಮಿನ ತೀವ್ರತೆ ನಡುವಿನಿಂದ ಅಂಚಿಗೆ ಗಾಸಿಯನ್ ಗುಡ್ಡದಂತೆ ಇಳಿಯುತ್ತದೆ. ಲೆನ್ಸಿನಿಂದ ಅಗಲ ಮಾಡಿದರೆ ಗುಡ್ಡವೂ ಅಗಲವಾಗುತ್ತದೆ, ಸಪಾಟಾಗುವುದಿಲ್ಲ. ನಡುವಿನ ಸಪಾಟು ಭಾಗವನ್ನಷ್ಟೇ ಬಳಸಿಕೊಂಡರಾಯಿತು ಅನ್ನಿಸಬಹುದು. ಲೆಕ್ಕ ನೋಡಿ: ಅಂಚಿನಲ್ಲಿ ನಡುವಿನ 80% ಬೆಳಕು ಇರಬೇಕೆಂದು ವೃತ್ತವನ್ನು ಕತ್ತರಿಸಿದರೆ, ಆ ವೃತ್ತದೊಳಗೆ ಸಿಗುವುದು ಒಟ್ಟು ಬೆಳಕಿನ 20% ಮಾತ್ರ. ಒಗ್ಗರಣೆಯನ್ನು ಅನ್ನದ ಮೇಲೆ ಹರಡಿದರೆ ಚಿತ್ರಾನ್ನ ಆಗುವುದಿಲ್ಲ, ಕಲಸಬೇಕು. ರಾಡ್ ಮಾಡುವುದು ಆ ಕೆಲಸವನ್ನೇ. ಗೋಡೆಗೆ ಬಡಿದು ಮಡಚಿಕೊಂಡ ಬೆಳಕಿನ ತುಣುಕುಗಳು ಹೊರಬಾಯಿಯಲ್ಲಿ ಒಂದರ ಮೇಲೊಂದು ಬೀಳುತ್ತವೆ.

ಅದಕ್ಕೆ ಬೆಳಕು ಓರೆಯಾಗಿ ಒಳಗೆ ಹೋಗಬೇಕು. ರಾಡಿನ ಮುಂದೆ ಎಫ್/2 ಲೆನ್ಸ್ (ನಾಭಿದೂರ ವ್ಯಾಸದ ಎರಡರಷ್ಟಿರುವುದು) ಇಟ್ಟು, ಬೀಮ್ ಅದರ ಪೂರ್ತಿ ಅಗಲವನ್ನು ತುಂಬುವಂತೆ ನೋಡಿಕೊಳ್ಳಿ. ಆಗ ಅಂಚಿನ ಕಿರಣ ಗಾಳಿಯಲ್ಲಿ 14.5° ಓರೆ. 1.52 ವಕ್ರೀಭವನಾಂಕದ ಗಾಜಿನೊಳಗೆ ಅದೇ ಕಿರಣ ಸುಮಾರು 9.5°ಗೆ ಇಳಿಯುತ್ತದೆ. ಉದ್ದವನ್ನು ಈ ಕೋನದ ಟ್ಯಾನ್‌ನಿಂದ ಗುಣಿಸಿ ಅಗಲದಿಂದ ಭಾಗಿಸಿದರೆ ಆ ಕಿರಣ ಎಷ್ಟು ಸಲ ಗೋಡೆಗೆ ಬಡಿಯುತ್ತದೆಂದು ತಿಳಿಯುತ್ತದೆ. ನಿಮ್ಮ ರಾಡಿನಲ್ಲಿ ಅದು 1.7, ಎರಡೂ ಪೂರ್ತಿ ಇಲ್ಲ. ಕನಿಷ್ಠ 3 ಬೇಕು ಅಂದರೆ 90 ಮಿ.ಮೀ. ಉದ್ದ. ಟೊಳ್ಳು ಕನ್ನಡಿ ಕೊಳವೆಯಾದರೆ ಒಳಗೆ ಗಾಳಿಯೇ ಇರುವುದರಿಂದ ಓರೆ ಕಡಿಮೆಯಾಗದು, 58 ಮಿ.ಮೀ. ಸಾಕು.

ಇನ್ನು, ಚೌಕದ ರಾಡ್ ಬೇಡ. ಹೊರಬಾಯಿಯ ಬಿಂಬವೇ ರಿಲೇ ಲೆನ್ಸ್ ಮೂಲಕ ಡಿ.ಎಂ.ಡಿ. (ಪುಟಾಣಿ ಕನ್ನಡಿಗಳಿಂದ ಚಿತ್ರ ಮೂಡಿಸುವ ಚಿಪ್) ಮೇಲೆ ಬೀಳುವುದು. 16:9 ಚಿಪ್‌ಗೆ ಚೌಕದ ರಾಡ್ ಹಾಕಿದರೆ 44% ಬೆಳಕು ಚಿಪ್ಪಿನ ಹೊರಗೆ ಬಿದ್ದು ಬರೀ ಬಿಸಿ ಮಾಡುತ್ತದೆ. 5 × 2.8 ಮಿ.ಮೀ. ತೆಗೆದುಕೊಳ್ಳಿ, ಮೇಲಿನ ಲೆಕ್ಕವನ್ನು ಅಗಲದ ಬದಿಗೇ ಹಾಕಿ. ಕಿರಿದಾದ ಬದಿಯಲ್ಲಿ ಪ್ರತಿಫಲನ ಹೇಗೂ ಹೆಚ್ಚು. ಬಿಂಬ ಚಿಪ್‌ಗಿಂತ ಒಂಚೂರು ದೊಡ್ಡದಿರಲಿ, ಇಲ್ಲವಾದರೆ ಜೋಡಣೆ ಕೂದಲೆಳೆಯಷ್ಟು ಸರಿದರೂ ಒಂದು ಅಂಚು ಕಪ್ಪಾಗುತ್ತದೆ.

ಬಹಳ ಜನ ಎಡವುವುದು ರಾಡನ್ನು ಕೂರಿಸುವಾಗ. ಉದ್ದಕ್ಕೂ ಅಂಟು ಬಳಿಯಬೇಡಿ. ಅಂಟು ತಾಗಿದ ಕಡೆಯೆಲ್ಲ ಪೂರ್ಣ ಆಂತರಿಕ ಪ್ರತಿಫಲನ ಕೆಟ್ಟು ಬೆಳಕು ಸೋರುತ್ತದೆ. ನಾಲ್ಕಾರು ಸಣ್ಣ ಬಿಂದುಗಳಲ್ಲಿ ಹಿಡಿದರೆ ಸಾಕು. ಹೊರಬಾಯಿಯ ಮೇಲೆ ಬೆರಳಚ್ಚು ಬಿದ್ದರೆ ಪರದೆಯ ಮೇಲೆ ಅದರ ಗೆರೆ ಗೆರೆಯೂ ಫೋಕಸ್ ಆಗಿ ಕಾಣುತ್ತದೆ. ಒಳಬಾಯಿಯ ಮೇಲೆ ಮಾತ್ರ ಫೋಕಸ್ ತೀರಾ ಚುರುಕಾಗಿರಬಾರದು. ಧೂಳಿನ ಕಣ ಕೂತರೆ ಸುಟ್ಟು ಅಲ್ಲೇ ಕಲೆಯಾಗುತ್ತದೆ. ಜೋಡಿಸುವಷ್ಟು ಹೊತ್ತೂ ಲೇಸರ್ ಕನಿಷ್ಠ ಶಕ್ತಿಯಲ್ಲಿರಲಿ, ಆ ತರಂಗಾಂತರಕ್ಕೆ ತಕ್ಕ ಕನ್ನಡಕ ಕಣ್ಣ ಮೇಲಿರಲಿ. ರಾಡಿನ ನುಣುಪಾದ ಮುಖದಿಂದ ಹಿಂದಕ್ಕೆ ಬರುವ ತುಣುಕು ಬೆಳಕೂ ಕಣ್ಣಿಗೆ ಅಪಾಯ.

ಪ್ರಶ್ನೆ: ಬೆಳಕು ಸಮವಾಗಿದೆ, ಆದರೆ ಚಿತ್ರದ ಮೇಲೆ ಸಣ್ಣ ಮರಳು ಚೆಲ್ಲಿದ ಹಾಗೆ ಮಿನುಗುತ್ತದೆ. ಇನ್ನೂ ಉದ್ದದ ರಾಡ್ ಹಾಕಬೇಕೇ?
– ಓದುಗರು, ಪೀಣ್ಯ

ಉತ್ತರ: ಎಷ್ಟು ಉದ್ದ ಮಾಡಿದರೂ ಆ ಮರಳು ಹೋಗುವುದಿಲ್ಲ. ಅದು ಸ್ಪೆಕಲ್. ಪರದೆಯ ಒರಟು ಮೈಯಿಂದ ಚದುರಿದ ಲೇಸರ್ ಅಲೆಗಳು ನಿಮ್ಮ ಕಣ್ಣಿನೊಳಗೇ ಕೂಡಿ ಕಳೆದು ಮಾಡುವ ಚುಕ್ಕೆಗಳು. ತಲೆ ಅಲ್ಲಾಡಿಸಿದರೆ ಮರಳೂ ಅಲ್ಲಾಡುತ್ತದೆ, ಗಮನಿಸಿ. ಒಂದಕ್ಕೊಂದು ಸಂಬಂಧವಿಲ್ಲದ ಚುಕ್ಕೆ ವಿನ್ಯಾಸಗಳು ಕಣ್ಣಿನ ಒಂದು ನೋಟದೊಳಗೆ ಬಂದುಹೋದರೆ ಅವು ಸರಾಸರಿಯಾಗಿ ಮಾಸುತ್ತವೆ. ಆದರೆ ಮಾಸುವುದು ವರ್ಗಮೂಲದ ಲೆಕ್ಕದಲ್ಲಿ: 16 ವಿನ್ಯಾಸಗಳಿಂದ ಸ್ಪೆಕಲ್ 25%ಗೆ ಇಳಿದರೆ, 10%ಗೆ ಇಳಿಸಲು 100 ಬೇಕು. ಒಂದು ಡಯೋಡ್ ಬದಲು ಹಲವು ಡಯೋಡ್ ಬಳಸುವುದು ಮೊದಲ ಉಪಾಯ. ಎರಡನೆಯದು ರಾಡಿನ ಒಳಬಾಯಿಯ ಮುಂದೆ ತಿರುಗುವ, ಬೆಳಕನ್ನು ಚದುರಿಸುವ ಡಿಫ್ಯೂಸರ್ ಬಿಲ್ಲೆ.

ಬಿಲ್ಲೆ ಆರಿಸುವಾಗ ಆಸೆಬುರುಕತನ ಬೇಡ. ಲೆನ್ಸಿನ ಓರೆಗೆ ಡಿಫ್ಯೂಸರಿನ ಓರೆಯೂ ಸೇರುತ್ತದೆ. ಮುಂದಿನ ಲೆನ್ಸುಗಳು ಹಿಡಿಯುವುದು ಎಫ್/2ರ 14.5° ಮಾತ್ರ ಎಂದಾದರೆ, ಎಫ್/2.8 ಲೆನ್ಸಿನ 10.3° ಜೊತೆಗೆ 4° ಅರ್ಧಕೋನದ ಬಿಲ್ಲೆ ಹೊಂದುತ್ತದೆ. 20°ಯದು ಹಾಕಿದರೆ ಮರಳೂ ಹೋಗುತ್ತದೆ, ಬೆಳಕೂ ಹೋಗುತ್ತದೆ.

ಪ್ರಶ್ನೆ: ಶಾಲೆಯ ಸಭಾಂಗಣದ ಲೇಸರ್ ಪ್ರೊಜೆಕ್ಟರ್ ನಡುವೆ ಬೆಳ್ಳಗೆ, ಬದಿಗಳಲ್ಲಿ ಮಂಕು. ಬದಲಾಯಿಸಬೇಕು ಎನ್ನುತ್ತಿದ್ದಾರೆ. ನಿಜವೇ?
– ಶಿಕ್ಷಕರು, ಬಸವನಗುಡಿ

ಉತ್ತರ: ದುಡ್ಡು ಬಿಚ್ಚುವ ಮೊದಲು ಬಿಳಿ ಚಿತ್ರ ಹಾಕಿ, ಸಭಾಂಗಣದಲ್ಲಿ ಎಡದಿಂದ ಬಲಕ್ಕೆ ನಡೆಯಿರಿ. ಹೊಳಪಿನ ಮಚ್ಚೆ ನಿಮ್ಮ ಜೊತೆಗೇ ಸರಿದರೆ ತಪ್ಪು ಪರದೆಯದು. ಹೊಳಪಿನ ವೈಟ್‌ಬೋರ್ಡನ್ನೇ ಪರದೆ ಮಾಡಿಕೊಂಡ ಕಡೆ ಹೀಗಾಗುವುದು ಸಾಮಾನ್ಯ. ಮ್ಯಾಟ್ ಪರದೆ ತೂಗುಹಾಕಿದರೆ ಮುಗಿಯಿತು.

ಮಚ್ಚೆ ಕದಲದಿದ್ದರೆ ಲಕ್ಸ್ ಮೀಟರ್ ಹಿಡಿಯಿರಿ. ಚಿತ್ರವನ್ನು ಮೂರು ಸಾಲು, ಮೂರು ಕಂಬ ಮಾಡಿ ಒಂಬತ್ತು ಮನೆಗಳ ನಡುವೆ ಅಳೆಯಿರಿ. ಮೀಟರಿನ ಕಣ್ಣು ಪ್ರೊಜೆಕ್ಟರ್ ಕಡೆಗಿರಲಿ. ಆಮೇಲೆ ಲೆನ್ಸ್ ಮುಚ್ಚಿ ಕೋಣೆಯ ಬೆಳಕನ್ನಷ್ಟೇ ಅಳೆದು ಕಳೆಯಿರಿ. ಒಂಬತ್ತರ ಸರಾಸರಿಯನ್ನು ಚದರ ಮೀಟರಿನಿಂದ ಗುಣಿಸಿದರೆ ಲುಮೆನ್ ಕೂಡ ಸಿಗುತ್ತದೆ: 2 × 1.125 ಮೀ. ಚಿತ್ರಕ್ಕೆ ಸರಾಸರಿ 1,200 ಲಕ್ಸ್ ಬಂದರೆ 2,700 ಲುಮೆನ್. ಲೆನ್ಸ್ ಶಿಫ್ಟನ್ನು (ಪ್ರೊಜೆಕ್ಟರ್ ಕದಲಿಸದೆ ಚಿತ್ರವನ್ನು ಸರಿಸುವ ಹೊಂದಾಣಿಕೆ) ಒಂದು ಕಡೆ ಪೂರ್ತಿ ಎಳೆದಿದ್ದರೆ ಮಧ್ಯಕ್ಕೆ ತಂದು ಮತ್ತೆ ಅಳೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಮೂಲೆಗಳು ಬೆಳಗುತ್ತವೆ.

ಮಂಕಿನ ಜೊತೆ ಬಣ್ಣವೂ ಬೇರೆಯಾಗಿ, ನಡುವೆ ನೀಲಿ ಛಾಯೆ, ಅಂಚಿನಲ್ಲಿ ಹಳದಿ ಕಂಡರೆ ಅದು ಒಳಗಿನ ತೊಂದರೆ ಇರಬಹುದು. ಲೇಸರ್ ಫಾಸ್ಫರ್ ಪ್ರೊಜೆಕ್ಟರಿನಲ್ಲಿ ಹಳದಿ ಬೆಳಕು ಫಾಸ್ಫರಿನಿಂದ (ನೀಲಿ ಲೇಸರ್ ಬಿದ್ದರೆ ಹಳದಿಯಾಗಿ ಹೊಳೆಯುವ ಲೇಪ) ಚದುರಿಯೇ ಬರುತ್ತದೆ, ನೀಲಿಯನ್ನು ಮಾತ್ರ ಡಿಫ್ಯೂಸರ್ ಚದುರಿಸಬೇಕು. ಅದು ಕೆಟ್ಟರೆ ನೀಲಿ ನಡುವೆಯೇ ಗುಂಪಾಗುತ್ತದೆ. ಅದನ್ನು ನೀವೇ ಬಿಚ್ಚಬೇಡಿ.

ಪ್ರಶ್ನೆ: ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೇ ಡಿ.ಎಲ್.ಪಿ. (ಡಿ.ಎಂ.ಡಿ. ಚಿಪ್ ಇರುವ) ಪ್ರೊಜೆಕ್ಟರಿನ ಕನ್ನಡಿ ಕೊಳವೆ ನಮ್ಮ ಪ್ರಯೋಗಕ್ಕೆ ಆಗುತ್ತದೆಯೇ?
– ಓದುಗರು, ಚಾಮರಾಜಪೇಟೆ

ಉತ್ತರ: ಬಾಯಿಯ ಅಳತೆ, ಉದ್ದ ಹೊಂದಿದರೆ ಖಂಡಿತ ಆಗುತ್ತದೆ. ನಾಲ್ಕು ಕನ್ನಡಿ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು ಅದು. ದೀಪದ ಶಾಖಕ್ಕೆ ಅಂಟು ಬಿಟ್ಟಿರಬಹುದು. ಕಿಟಕಿಯ ಕಡೆ ಹಿಡಿದು ಒಂದು ತುದಿಯಿಂದ ನೋಡಿ. ಬಾಯಿಯ ಸುತ್ತ ಅದೇ ಆಕಾರದ ಮನೆಗಳು ರಂಗೋಲಿಯಂತೆ ಸಾಲಾಗಿ ನಿಂತಿರಬೇಕು. ಒಂದು ಸಾಲು ವಾಲಿದ್ದರೆ ಆ ಬದಿಯ ಪಟ್ಟಿ ಸರಿದಿದೆ, ಕಪ್ಪಾಗಿದ್ದರೆ ಲೇಪ ಎದ್ದುಹೋಗಿದೆ.