ಮಗುವಿನ ಹೃದಯದ ಸುತ್ತ ನೀರು: ತೀರ್ಥಹಳ್ಳಿಯ ತಾಯಿಗೆ

ಅಕ್ಕಾ, ಆರು ವರ್ಷದ ಮಗನ ಹೃದಯದ ಸುತ್ತ ನೀರು ತುಂಬಿದೆ, ವಾರ ಬಿಟ್ಟು ಮತ್ತೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು, ಅಲ್ಲಿಯವರೆಗೆ ಹೇಗಿರಲಿ ಎಂದು ಕೇಳಿದ್ದೀರಿ. ನನ್ನ ಮಗಳಿಗೂ ಹೀಗೇ ಆಗಿತ್ತು. ಮಲಗಿದರೆ ಎದೆನೋವು. ರಾತ್ರಿಯಿಡೀ ದಿಂಬು ತಬ್ಬಿ ಮುಂದಕ್ಕೆ ಬಾಗಿ ಕೂತಿರುತ್ತಿದ್ದಳು. ಹಂಚಿನ ಮೇಲೆ ಮಳೆ ಸುರಿಯುತ್ತಿತ್ತು, ನಾನು ಅವಳ ಉಸಿರು ಎಣಿಸುತ್ತಿದ್ದೆ.

ನೀರು ಇರುವುದು ಹೃದಯದೊಳಗಲ್ಲ, ಅದರ ಹೊರಚೀಲದಲ್ಲಿ. ಅಲ್ಲಿ ಎಲ್ಲರಿಗೂ ಸ್ವಲ್ಪ ದ್ರವ ಇದ್ದೇ ಇರುತ್ತದೆ. ವೈರಸ್ ಸೋಂಕಿನಿಂದ ಹೆಚ್ಚಾಗಿದ್ದರೆ ಬಹಳಷ್ಟು ಮಕ್ಕಳಲ್ಲಿ ಔಷಧಿಯಿಂದಲೇ ಇಳಿಯುತ್ತದೆ. ಕ್ಷಯದಂತಹ ಕಾರಣಗಳೂ ಇರುವುದರಿಂದ, ನಿಮ್ಮ ಮಗನಿಗೆ ಯಾವುದರಿಂದ ಬಂದಿದೆ ಎಂದು ವೈದ್ಯರನ್ನು ಬಿಡದೆ ಕೇಳಿ. ನೋವು ಹೋಯಿತೆಂದು ಔಷಧಿಯನ್ನು ನೀವೇ ನಿಲ್ಲಿಸಬೇಡಿ. ಓಟ, ಸೈಕಲ್ ಸದ್ಯಕ್ಕೆ ಬೇಡವೇ ಬೇಡ.

ಏದುಸಿರು, ನೀಲಿಗಟ್ಟಿದ ತುಟಿ, ತಣ್ಣಗಾದ ಕೈಕಾಲು, ತಲೆಸುತ್ತು, ವಿಪರೀತ ಮಂಪರು: ಒಂದು ಕಂಡರೂ ವಾರ ಕಾಯಬೇಡಿ, ನಡುರಾತ್ರಿಯಾದರೂ 108ಕ್ಕೆ ಕರೆ ಮಾಡಿ. ದೊಡ್ಡಾಸ್ಪತ್ರೆ ಇರುವ ಶಿವಮೊಗ್ಗಕ್ಕೆ ನಿಮ್ಮಲ್ಲಿಂದ ಸುಮಾರು 60 ಕಿಲೋಮೀಟರ್. ಈ ಮಳೆಯಲ್ಲಿ ಮರ ಬಿದ್ದರೆ ದಾರಿಯೇ ಇಲ್ಲ. ಅಲ್ಲಿ ನೆಂಟರ ಮನೆಯಿದ್ದರೆ ಸಂಕೋಚ ಬಿಟ್ಟು ಈ ವಾರ ಅಲ್ಲೇ ಉಳಿಯಿರಿ. ನಾವೂ ಹಾಗೆಯೇ ಮಾಡಿದೆವು, ಅಲ್ಲಿಗೆ ಹೋದ ಮೇಲೆಯೇ ನನಗೆ ನಿದ್ದೆ ಹತ್ತಿದ್ದು.