ಮಾನಸಿಕ ರೋಗದ ಮಾತ್ರೆಗೆ ಬಿಪಿಎಲ್ ಕಾರ್ಡು ಬೇಕಿಲ್ಲ

ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ರೋಗದ ಮಾತ್ರೆ ಉಚಿತವಾಗಿ ಕೊಡುತ್ತಿಲ್ಲ ಎಂಬ ಒಂದೇ ದೂರು ಬೇರೆ ಬೇರೆ ಜಿಲ್ಲೆಗಳಿಂದ ಮತ್ತೆ ಮತ್ತೆ ಬರುತ್ತಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾರಿಯಾಗಿ ಇಷ್ಟು ವರ್ಷಗಳಾದ ಮೇಲೂ ಇದನ್ನು ಬಿಡಿಸಿ ಹೇಳಬೇಕಾಗಿರುವುದು ಬೇಸರದ ಸಂಗತಿ. ಆದ್ದರಿಂದ ಈ ಸಲ ಹೆಚ್ಚಿನ ಜಾಗ ಅದಕ್ಕೇ ಮೀಸಲು.

ಪ್ರಶ್ನೆ: ನನ್ನ ತಮ್ಮ ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ಪಡೆಯುತ್ತಿದ್ದಾನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ "ನಿಮ್ಮದು ಎಪಿಎಲ್ ಕಾರ್ಡು, ಮಾತ್ರೆ ಉಚಿತವಾಗಿ ಬರುವುದಿಲ್ಲ" ಎನ್ನುತ್ತಾರೆ, ಇನ್ನೊಮ್ಮೆ "ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ" ಎನ್ನುತ್ತಾರೆ. ನಾವು ಏನು ಮಾಡಬೇಕು?

ಉತ್ತರ: ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಜಾರಿಗೆ ಬಂದದ್ದು 2018ರ ಮೇ 29ರಂದು. ಸರ್ಕಾರ ನಡೆಸುವ ಅಥವಾ ಅದರ ಹಣದಿಂದ ನಡೆಯುವ ಸೇವೆಗಳಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಅದರ 18ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಕಾಯ್ದೆ ಸಂಸತ್ತಿನದಾದರೂ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ಸಂವಿಧಾನದ ರಾಜ್ಯಪಟ್ಟಿಯಲ್ಲಿರುವುದರಿಂದ, ಅದನ್ನು ಹಳ್ಳಿಯವರೆಗೆ ಮುಟ್ಟಿಸುವ ಹೊಣೆ ಬಹುಪಾಲು ರಾಜ್ಯ ಸರ್ಕಾರದ ಮೇಲೆ ಬೀಳುತ್ತದೆ.

ಕೌಂಟರಿನಲ್ಲಿ ಆಗುತ್ತಿರುವ ಗೊಂದಲ ಇದು. 18ನೇ ಸೆಕ್ಷನ್ನಿನ 7ನೇ ಉಪವಿಧಿ ಬಡತನ ರೇಖೆಗಿಂತ ಕೆಳಗಿರುವವರಿಗೆ, ನಿರ್ಗತಿಕರಿಗೆ ಮತ್ತು ಮನೆಯಿಲ್ಲದವರಿಗೆ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಎಲ್ಲ ಚಿಕಿತ್ಸೆಯನ್ನೂ ಉಚಿತವಾಗಿಸುತ್ತದೆ. ಅಲ್ಲಿಯೂ ಬಿಪಿಎಲ್ ಕಾರ್ಡು ಕೈಯಲ್ಲಿರಲಿ, ಇಲ್ಲದಿರಲಿ ಎಂದೇ ಬರೆದಿದೆ. ಔಷಧಿಯ ಮಾತು ಬರುವುದು 10ನೇ ಉಪವಿಧಿಯಲ್ಲಿ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ, ಮಾನಸಿಕ ರೋಗವಿರುವ ಎಲ್ಲರಿಗೂ, ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು. ಅಲ್ಲಿ ಆದಾಯದ ಷರತ್ತು ಇಲ್ಲವೇ ಇಲ್ಲ. ಮಾನಸಿಕ ರೋಗಕ್ಕೆ ಕೊಡುವ ರಿಸ್ಪೆರಿಡೋನ್, ಲಿಥಿಯಂ ಎರಡೂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಎರಡು ಉಪವಿಧಿಗಳನ್ನು ಒಂದೇ ಎಂದುಕೊಂಡ ಸಿಬ್ಬಂದಿ ನಿಮ್ಮನ್ನು ಬರಿಗೈಯಲ್ಲಿ ಕಳುಹಿಸುತ್ತಿದ್ದಾರೆ. ನೀವೂ ತಲೆಯಾಡಿಸಿ ಹಿಂದಿರುಗುತ್ತಿದ್ದೀರಿ.

"ಸ್ಟಾಕ್ ಇಲ್ಲ" ಎಂಬ ಮಾತಿಗೆ ಮಾತ್ರ ನಾನು ಒಪ್ಪುವುದಿಲ್ಲ. ಔಷಧಿಯ ಬೇಡಿಕೆ ಪಟ್ಟಿ ತಯಾರಾಗುವುದು ಹಿಂದಿನ ಬಳಕೆಯನ್ನು ನೋಡಿಕೊಂಡು. ಹತ್ತು ಮನೆಯವರು ಸದ್ದಿಲ್ಲದೆ ಹೊರಗಿನ ಅಂಗಡಿಯಲ್ಲಿ ಕೊಂಡರೆ ಆಸ್ಪತ್ರೆಯ ದಾಖಲೆಯಲ್ಲಿ ಆ ಹತ್ತು ರೋಗಿಗಳೇ ಇರುವುದಿಲ್ಲ, ಮುಂದಿನ ಸಲ ಇನ್ನೂ ಕಡಿಮೆ ಮಾತ್ರೆ ಬರುತ್ತದೆ. ಆದ್ದರಿಂದ ಚೀಟಿಯ ಮೇಲೆ "ಔಷಧಿ ಲಭ್ಯವಿಲ್ಲ" ಎಂದು ದಿನಾಂಕ ಸಮೇತ ಬರೆಸಿಕೊಳ್ಳಿ. ಅದರ ಪ್ರತಿಯೊಂದಿಗೆ ಆಡಳಿತ ವೈದ್ಯಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಸೇವೆಯ ಕೊರತೆಯ ಬಗ್ಗೆ ದೂರುವ ಹಕ್ಕನ್ನು 28ನೇ ಸೆಕ್ಷನ್ ಕೊಟ್ಟಿದೆ: ಮೊದಲು ಸಂಸ್ಥೆಯ ಮುಖ್ಯಸ್ಥರು, ಅಲ್ಲಿ ತೃಪ್ತಿಯಾಗದಿದ್ದರೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿ, ಆಮೇಲೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ. ವಕೀಲರ ಖರ್ಚಿಗೆ ಹೆದರಬೇಡಿ, 27ನೇ ಸೆಕ್ಷನ್ ಪ್ರಕಾರ ಕಾನೂನು ನೆರವೂ ಉಚಿತ. ಬಾಯಿಮಾತಿನ ಜಗಳದಿಂದ ಏನೂ ಆಗುವುದಿಲ್ಲ. ಕಾಗದವಿಲ್ಲದ ದೂರನ್ನು ನಾನು ದೂರೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಇಲ್ಲ.

ದೂರು ಇತ್ಯರ್ಥವಾಗುವವರೆಗೆ ತಮ್ಮನ ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬೇಡಿ. ಸಾಲ ಮಾಡಿಯಾದರೂ ಕೊಂಡು, ಬಿಲ್ಲು ಇಟ್ಟುಕೊಳ್ಳಿ. ಚಿಕಿತ್ಸೆ ತಪ್ಪಿ ರೋಗ ಮರುಕಳಿಸಿದರೆ ಮೊದಲಿನ ಸ್ಥಿತಿಗೆ ತರುವುದು ಎಷ್ಟು ಕಷ್ಟವೆಂಬುದು ಮನೋವೈದ್ಯರಿಗೆಲ್ಲ ಗೊತ್ತು. ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯಿದೆ. ನಿಮ್ಮಲ್ಲಿ ಯಾವ ಮಂಗಳವಾರವೆಂದು ಕೇಳಿ, ಆ ದಿನವೇ ಹೋಗಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಕೆಲಸ. ಸಾಮಾನ್ಯ ವೈದ್ಯರಿಗೆ ಸ್ವಲ್ಪ ತರಬೇತಿ, ಕೆಲವೇ ಕೆಲವು ಔಷಧಿಗಳ ನಿರಂತರ ಪೂರೈಕೆ ಇದ್ದರೆ ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದ ನಾಡಿನಲ್ಲಿ ಆ ಪೂರೈಕೆಯೇ ಕಡಿಯುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲಿ ಬೇಕಾದ ಸರ್ಕಾರಿ ಸೇವೆಯೇ ಇಲ್ಲದಿದ್ದರೆ?

ಉತ್ತರ: ಕನಿಷ್ಠ ಸೇವೆಗಳು ಜಿಲ್ಲೆಯಲ್ಲಿಲ್ಲದಿದ್ದರೆ ಅದೇ ಜಿಲ್ಲೆಯ ಬೇರೆ ಮಾನಸಿಕ ಆರೋಗ್ಯ ಸೇವೆಯಲ್ಲಿ ಚಿಕಿತ್ಸೆ ಪಡೆಯಬಹುದು, ಅದರ ವೆಚ್ಚ ಸರ್ಕಾರದ್ದು ಎನ್ನುತ್ತದೆ 18ನೇ ಸೆಕ್ಷನ್. ಆದರೆ ಹಣ ತಾನಾಗಿ ಮನೆಗೆ ಬರುತ್ತದೆಂದು ನಂಬಿ ದೊಡ್ಡ ಮೊತ್ತ ಖರ್ಚು ಮಾಡಬೇಡಿ. ಮೊದಲು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಧಿಕಾರಿಗೆ ಬರೆದು ಉತ್ತರ ಪಡೆಯಿರಿ.

ಪ್ರಶ್ನೆ: ಗಾಳಿ ಬಿಡಿಸುವವರ ಬಳಿ ಕೆಲವು ದಿನ ಬಿಟ್ಟರೆ ತಪ್ಪೇ? ಕಟ್ಟಿಹಾಕುವುದು ಅವನ ಒಳ್ಳೆಯದಕ್ಕೇ ಎನ್ನುತ್ತಾರೆ.

ಉತ್ತರ: ತಪ್ಪು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ಮಾನಸಿಕ ರೋಗಿಗಳನ್ನು ದೈವನಂಬಿಕೆಯಿಂದ ತಂದು ಬಿಡುತ್ತಿದ್ದ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಮಾನಸಿಕ ರೋಗವಿರುವವರನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್ ನಿಷೇಧಿಸಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಕರ್ನಾಟಕದ 2017ರ ವಾಮಾಚಾರ ತಡೆ ಕಾನೂನಿನಡಿ ಅಪರಾಧ. ಪ್ರಾರ್ಥನೆಗೆ ನನ್ನ ಅಡ್ಡಿಯಿಲ್ಲ. ಆದರೆ ಮಾತ್ರೆ ನಿಲ್ಲಿಸಿ, ಕಟ್ಟಿಹಾಕಿ, ಹಣ ಕೀಳುವವನು ವಂಚಕ. ಅವನ ಬಗ್ಗೆ ಪೊಲೀಸರಿಗೆ ತಿಳಿಸಿ.

ಪ್ರಶ್ನೆ: ಆರೋಗ್ಯ ವಿಮೆ ಮಾನಸಿಕ ರೋಗಕ್ಕೆ ಅನ್ವಯಿಸುತ್ತದೆಯೇ?

ಉತ್ತರ: ದೇಹದ ರೋಗಕ್ಕಿರುವ ಅದೇ ಆಧಾರದ ಮೇಲೆ ಅನ್ವಯಿಸಬೇಕೆನ್ನುತ್ತದೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್. ವಿಮಾ ಕಂಪನಿ ನಿರಾಕರಿಸಿದರೆ ಅದನ್ನು ಬರಹದಲ್ಲಿ ಪಡೆಯಿರಿ.

ಪ್ರಶ್ನೆ: ರಾತ್ರಿ ಹೊತ್ತಿನಲ್ಲಿ ಯಾರನ್ನು ಕೇಳುವುದು?

ಉತ್ತರ: ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, 14416. ಕನ್ನಡದಲ್ಲೇ ಮಾತನಾಡಬಹುದು, ಕರೆ ಉಚಿತ.